ಗುಳಿಗೆ ಬಿಟ್ಟರೆ ನಿದ್ದೆಯಿಲ್ಲ, ನುಂಗಿದರೆ ಹಗಲಿಲ್ಲ

ಪ್ರಶ್ನೆ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಜಮಖಂಡಿ, 61 ವರ್ಷ

ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ಆರು ವರ್ಷಗಳ ಹಿಂದೆ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ದಿನಕರ್ಮಗಳೆಲ್ಲ ಮುಗಿದ ಮೇಲೂ ನನಗೆ ಕಣ್ಣು ಹತ್ತುತ್ತಿರಲಿಲ್ಲ. ಆಗ ಒಬ್ಬ ವೈದ್ಯರು ಆಲ್ಪ್ರಜೋಲಾಮ್ 0.25 ಮಿಲಿಗ್ರಾಂ ಗುಳಿಗೆಯನ್ನು ಹದಿನೈದು ದಿನಕ್ಕೆಂದು ಬರೆದುಕೊಟ್ಟರು. ಆ ಹದಿನೈದು ದಿನ ಆರು ವರ್ಷವಾಯಿತು. ಕಾಲು ಅರ್ಧವಾಯಿತು, ಅರ್ಧ ಒಂದಾಯಿತು. ಈಗ ದಿನಾ ರಾತ್ರಿ 1 ಮಿಲಿಗ್ರಾಂ ನುಂಗಿ ಒಂಬತ್ತಕ್ಕೆ ಮಲಗುತ್ತೇನೆ. ಎರಡು ಗಂಟೆಗೆ ಎಚ್ಚರವಾಗುತ್ತದೆ. ಮತ್ತೆ ಆರರವರೆಗೆ ಹೊರಳಾಟ, ನಡುನಡುವೆ ಒಂದಿಷ್ಟು ಜೊಂಪು. ಯಜಮಾನರಿಗೆ ಎದೆನೋವು ಬಂದದ್ದೂ ರಾತ್ರಿ ಎರಡಕ್ಕೇ.

ಕಳೆದ ತಿಂಗಳು ಬಚ್ಚಲಿಗೆ ಹೋಗುವಾಗ ಜೋಲಿ ಹೊಡೆದು ಬಿದ್ದೆ. ಮಗ ಹೆದರಿಬಿಟ್ಟ. ಮೊನ್ನೆ ಇದ್ದ ಗುಳಿಗೆಗಳನ್ನೆಲ್ಲ ಒಲೆಗೆ ಹಾಕಿದ. ಅಂದಿನಿಂದ ಮೂರು ರಾತ್ರಿ ಒಂದು ಗಂಟೆಯೂ ನಿದ್ದೆಯಾಗಿಲ್ಲ. ಕೈ ನಡುಗುತ್ತದೆ, ಮೈ ಬೆವರುತ್ತದೆ, ಪಕ್ಕದ ಓಣಿಯ ಹಿಟ್ಟಿನ ಗಿರಣಿ ನನ್ನ ತಲೆಯೊಳಗೇ ತಿರುಗುತ್ತಿರುವಂತೆ ಅನಿಸುತ್ತದೆ. ಮಕ್ಕಳಿಗೆ ಒಳ್ಳೆಯ ಬುದ್ಧಿ ಹೇಳಿ ಬದುಕಿದವಳು ನಾನು; ಈ ವಯಸ್ಸಿನಲ್ಲಿ ಚಟಕ್ಕೆ ಬಿದ್ದೆನೇ ಎಂದು ನಾಚಿಕೆಯಾಗುತ್ತದೆ. ಇನ್ನೆಷ್ಟು ದಿನ ಹಲ್ಲು ಕಚ್ಚಿ ತಡೆದುಕೊಳ್ಳಬೇಕು?

ಉತ್ತರ: ಮನೋವೈದ್ಯ, ವಿಜಯಪುರ

ಅಕ್ಕಾವರೇ, ಒಂದು ದಿನವೂ ತಡೆದುಕೊಳ್ಳಬೇಡಿ. ಈ ಉತ್ತರ ಓದಿದ ಕೂಡಲೇ ಮಗನನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. “ಆರು ವರ್ಷ ಆಲ್ಪ್ರಜೋಲಾಮ್ 1 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೆ, ಮೂರು ದಿನದಿಂದ ಪೂರ್ತಿ ನಿಂತಿದೆ” ಎಂದು ಮೊದಲ ಮಾತಿನಲ್ಲೇ ಹೇಳಿ. ನಡುಕ, ಬೆವರು, ಸದ್ದು ಸಹಿಸಲಾಗದಿರುವುದು, ಇವೆಲ್ಲ ಔಷಧ ಥಟ್ಟನೆ ನಿಂತದ್ದರ ಲಕ್ಷಣಗಳು. ಇಲ್ಲಿಂದ ಮುಂದೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಪ್ರಾಣಕ್ಕೇ ಅಪಾಯವಾದ ಪ್ರಸಂಗಗಳೂ ಇವೆ. ಸಾಮಾನ್ಯವಾಗಿ ಮೊದಲಿನ ಪ್ರಮಾಣವನ್ನೇ ಮತ್ತೆ ಆರಂಭಿಸಿ ಮೈ ಸ್ಥಿಮಿತಕ್ಕೆ ಬಂದ ಮೇಲೆ ಇಳಿಸುವ ಕೆಲಸ ಶುರುವಾಗುತ್ತದೆ. ಮಗ ತಾಯಿಯ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡಿದ್ದಾನೆ, ಬೈಯಬೇಡಿ. ಆದರೆ ಇದನ್ನು ಓದುತ್ತಿರುವ ಎಲ್ಲ ಮನೆಯವರಿಗೂ ಕೈಮುಗಿದು ಹೇಳುತ್ತೇನೆ: ವರ್ಷಗಟ್ಟಲೆ ನುಂಗಿದ ನಿದ್ದೆ ಗುಳಿಗೆಯನ್ನು ಒಂದೇ ದಿನದಲ್ಲಿ ಕಿತ್ತುಕೊಳ್ಳಬೇಡಿ.

ಉಳಿದದ್ದನ್ನು ನೀವು ಆಸ್ಪತ್ರೆಗೆ ಹೋಗಿಬಂದ ಮೇಲೆ ಮಾತನಾಡೋಣ.

ಅದೇ ಶಿಕ್ಷಕಿ, ಎರಡು ದಿನಗಳ ನಂತರ

ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆವು. ಗುಳಿಗೆ ಮತ್ತೆ ಆರಂಭಿಸಿದ್ದಾರೆ, ನಡುಕ ನಿಂತಿದೆ. ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ಆದರೆ ಮತ್ತೆ ಅದೇ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳುವಾಗ ಸೋತಂತೆ ಅನಿಸಿತು, ಸಾಹೇಬರೇ.

ಉತ್ತರ: ಮನೋವೈದ್ಯ

ಸೋತಿಲ್ಲ. ಮೊದಲು ಆ ನಾಚಿಕೆಯನ್ನು ಇಳಿಸೋಣ, ಗುಳಿಗೆಯನ್ನು ಇಳಿಸುವುದು ಆಮೇಲೆ.

ನಮ್ಮ ಮಿದುಳಿನಲ್ಲಿ ‘ಗಾಬಾ’ ಎಂಬ ರಾಸಾಯನಿಕವಿದೆ. ಗಾಡಿಗೆ ಬ್ರೇಕ್ ಇದ್ದಂತೆ ಅದು ಮಿದುಳಿನ ಓಟವನ್ನು ತಗ್ಗಿಸುತ್ತದೆ. ಆಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೊನಾಜೆಪಾಮ್ ಮುಂತಾದ ಗುಳಿಗೆಗಳು ಈ ಬ್ರೇಕನ್ನು ಇನ್ನಷ್ಟು ಒತ್ತುತ್ತವೆ. ದಿನಾ ಯಾರೋ ಹೊರಗಿನಿಂದ ಬಂದು ಒತ್ತುತ್ತಿದ್ದರೆ ಮಿದುಳು ತನ್ನ ಬ್ರೇಕನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಕಾಲು ಗುಳಿಗೆ ಸಾಲದಾದದ್ದು ಅದಕ್ಕೇ. ಥಟ್ಟನೆ ನಿಂತಾಗ ನಿಮಗೆ ಹಳೆಯ ನಿದ್ರಾಹೀನತೆಗಿಂತ ಹತ್ತು ಪಟ್ಟು ಕೆಟ್ಟ ರಾತ್ರಿಗಳು ಬಂದದ್ದೂ ಅದಕ್ಕೇ. ಆ ರಾತ್ರಿಗಳನ್ನು ನೋಡಿ “ನನಗೆ ಗುಳಿಗೆಯಿಲ್ಲದೆ ನಿದ್ದೆ ಇಲ್ಲವೇ ಇಲ್ಲ” ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಅದು ಔಷಧ ಹೊರಟುಹೋಗುವ ಗದ್ದಲ. ನಿಮ್ಮ ನಿಜವಾದ ನಿದ್ದೆಯ ಸ್ಥಿತಿ ಅದಲ್ಲ.

ಇದರಲ್ಲಿ ನಿಮ್ಮ ಗುಣದ ತಪ್ಪು ಎಲ್ಲಿದೆ? 1960ರ ದಶಕದಲ್ಲಿ ಈ ಗುಂಪಿನ ಔಷಧಗಳು ಬಂದಾಗ ಬಾರ್ಬಿಟುರೇಟ್ ಎಂಬ ಹಳೆಯ ನಿದ್ದೆ ಔಷಧಗಳಿಗಿಂತ ಸುರಕ್ಷಿತವೆಂದು ವೈದ್ಯಲೋಕವೇ ಸಂತೋಷಪಟ್ಟಿತ್ತು. ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿದ್ದು 1988ರಲ್ಲಿ. ವೈದ್ಯರಿಗೇ ಅಷ್ಟು ವರ್ಷ ಹಿಡಿದ ಮಾತು ದುಃಖದಲ್ಲಿದ್ದ ನಿಮಗೆ ಯಾರೂ ಹೇಳದೆ ಹೇಗೆ ತಿಳಿಯಬೇಕಿತ್ತು?

ಇಳಿಸುವ ವಿಷಯ. ನೀವು ಶಾಲೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಪ್ರವಾಸ ಕರೆತಂದಿರುತ್ತೀರಿ. ಮೂಲೆಯ ಗೋಪುರದ ಆ ಇಕ್ಕಟ್ಟಿನ ಮೆಟ್ಟಿಲುಗಳನ್ನು ಇಳಿಯುವಾಗ ಮಕ್ಕಳಿಗೆ ಏನು ಹೇಳುತ್ತಿದ್ದಿರೋ ಅದನ್ನೇ ನಾನು ನಿಮಗೆ ಹೇಳುತ್ತೇನೆ: ಗೋಡೆ ಹಿಡಿದುಕೊಳ್ಳಿ, ಒಂದೊಂದೇ ಮೆಟ್ಟಿಲು, ಹಿಂದಿನವರು ನೂಕಿದರೂ ಓಡಬೇಡಿ. ಒಂದು ಸಲಕ್ಕೆ ಶೇಕಡಾ 10ರ ಆಸುಪಾಸು ಇಳಿಸಿ, ಎರಡರಿಂದ ನಾಲ್ಕು ವಾರ ಅಲ್ಲೇ ನಿಲ್ಲುವುದು ಸರಿಯಾದ ನಡಿಗೆ. ನಿಮ್ಮ ವೈದ್ಯರು ಒಪ್ಪಿದರೆ 1 ಮಿಲಿಗ್ರಾಂ ಬದಲು 0.25ರ ನಾಲ್ಕು ಗುಳಿಗೆ ಬರೆಸಿಕೊಳ್ಳಿ. ನಾಲ್ಕರಿಂದ ಮೂರೂವರೆ, ಕೆಲವು ವಾರಗಳ ನಂತರ ಮೂರು, ಹೀಗೆ. ಕೊನೆಯ ಮೆಟ್ಟಿಲುಗಳೇ ಎತ್ತರ: ಒಂದು ಗುಳಿಗೆಯಿಂದ ಅರ್ಧಕ್ಕೆ ಬಂದರೆ ಅದು ಶೇಕಡಾ 50ರ ಕಡಿತ. ಅಲ್ಲಿ ದೇಹದಿಂದ ನಿಧಾನವಾಗಿ ಹೊರಹೋಗುವ ಡಯಾಜೆಪಾಮ್‌ಗೆ ಬದಲಿಸಿ ಇಳಿಸುವ ಪದ್ಧತಿಯೂ ಇದೆ, ಅದನ್ನು ವೈದ್ಯರು ನಿರ್ಧರಿಸಲಿ. ಗುಳಿಗೆಯ ಹೆಸರಿನ ಮುಂದೆ ‘ಎಸ್‌ಆರ್’ ಎಂದಿದ್ದರೆ ಮುರಿಯಬೇಡಿ. ಅದು ನಿಧಾನವಾಗಿ ಕರಗುವಂತೆ ಮಾಡಿದ್ದು, ಮುರಿದರೆ ಔಷಧವೆಲ್ಲ ಒಮ್ಮೆಗೇ ಬಿಡುಗಡೆಯಾಗುತ್ತದೆ. ಒಟ್ಟು ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ಆರು ವರ್ಷ ಹತ್ತಿದ್ದನ್ನು ಇಳಿಯಲು ಒಂದು ವರ್ಷ ಹೆಚ್ಚಲ್ಲ.

ಗುಳಿಗೆ ಇಳಿದರೆ ಸಾಲದು, ಅದರ ಜಾಗಕ್ಕೆ ನಿದ್ದೆ ಬರಬೇಕು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಇಂದು ಔಷಧವಲ್ಲ, ಮಲಗುವ ರೂಢಿಯನ್ನು ತಿದ್ದುವ ನಡವಳಿಕೆಯ ಚಿಕಿತ್ಸೆ. ನೀವು ಒಂಬತ್ತರಿಂದ ಆರರವರೆಗೆ, ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಐದು ಗಂಟೆ ನಿದ್ದೆ ಮಾಡುತ್ತಿದ್ದೀರಿ. ಉಳಿದ ನಾಲ್ಕು ಗಂಟೆ ಹಾಸಿಗೆ ನಿಮಗೆ ಕಳವಳವನ್ನು ಕಲಿಸುತ್ತಿದೆ. ಆದ್ದರಿಂದ ಮೈ ಸ್ಥಿಮಿತಕ್ಕೆ ಬಂದ ಮೇಲೆ ರಾತ್ರಿ ಹನ್ನೊಂದೂವರೆಗೆ ಮಲಗಿ, ಬೆಳಿಗ್ಗೆ ಐದಕ್ಕೆ ಏಳಿ. ಐದೂವರೆ ಗಂಟೆ ಮಾತ್ರ. ನಿದ್ದೆ ಬಾರದವರಿಗೆ ಕಡಿಮೆ ಮಲಗಿ ಎನ್ನುವುದು ಕ್ರೌರ್ಯದಂತೆ ಕೇಳಿಸುತ್ತದೆ ಎಂದು ನನಗೆ ಗೊತ್ತು. ಆದರೆ ಹಸಿದ ಹೊಟ್ಟೆಗೆ ರೊಟ್ಟಿ ರುಚಿಸುವ ಹಾಗೆ ನಿದ್ದೆಗೂ ಹಸಿವು ಬೇಕು. ಮಲಗಿದ್ದ ಹೊತ್ತಿನ ಶೇಕಡಾ 85ರಷ್ಟು ನಿದ್ದೆಯಾಗತೊಡಗಿದರೆ ವಾರಕ್ಕೆ ಹದಿನೈದು ನಿಮಿಷ ಸೇರಿಸುತ್ತ ಹೋಗಿ. ಐದು ಗಂಟೆಗಿಂತ ಕೆಳಗೆ ಇಳಿಸಬೇಡಿ. ಫಿಟ್ಸ್ ಅಥವಾ ಉನ್ಮಾದದ ಕಾಯಿಲೆ ಇರುವವರು ವೈದ್ಯರ ಕಣ್ಣಳತೆಯಲ್ಲಲ್ಲದೆ ಇದನ್ನು ಮಾಡಕೂಡದು. ಮೂರು ಗಂಟೆಯ ನಂತರ ಚಹಾ ಬೇಡ.

ಈಗ ರಾತ್ರಿ ಎರಡಕ್ಕೆ ಎಚ್ಚರವಾಗುವ ಮಾತು. ಅಕ್ಕಾವರೇ, ಆ ಹೊತ್ತಿಗೆ ನಿಮ್ಮ ಮೈ ಕಾವಲಿಗೆ ಏಳುತ್ತಿದೆ ಎಂದು ನನಗೆ ಅನಿಸುತ್ತದೆ. ಅಂದು ಎಚ್ಚರವಾಗಿದ್ದದ್ದು, ಮನೆಯವರನ್ನು ಎಬ್ಬಿಸಿದ್ದು ನೀವೇ ಇರಬೇಕು. ಆರು ವರ್ಷದಿಂದ ಗುಳಿಗೆ ಆ ದುಃಖಕ್ಕೆ ಚಾದರ ಹೊದಿಸಿದೆ, ಕೇಳಿಸಿಕೊಂಡಿಲ್ಲ. ಮಲಗುವ ಕೋಣೆಯ ಗಡಿಯಾರವನ್ನು ತೆಗೆದುಬಿಡಿ. ಎಚ್ಚರವಾಗಿ ಇಪ್ಪತ್ತು ನಿಮಿಷ ಕಳೆದಿರಬಹುದು ಎನಿಸಿದರೆ ಹಾಸಿಗೆ ಬಿಟ್ಟು ಪಡಸಾಲೆಗೆ ಬಂದು ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ಕಣ್ಣೆಳೆದಾಗ ಹಿಂದಿರುಗಿ. ಹಗಲಲ್ಲಿ ಮಗನ ಹತ್ತಿರವಾಗಲಿ, ಗೆಳತಿಯ ಹತ್ತಿರವಾಗಲಿ ಆ ರಾತ್ರಿಯ ಬಗ್ಗೆ ಒಮ್ಮೆ ಪೂರ್ತಿ ಮಾತನಾಡಿ. ಮುಂದಿನ ಭೇಟಿಯಲ್ಲಿ ಥೈರಾಯ್ಡ್, ಸಕ್ಕರೆ, ರಕ್ತಹೀನತೆಯ ಪರೀಕ್ಷೆಗಳನ್ನೂ ಕೇಳಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತದೆ ಎಂದು ಮಗ ಗಮನಿಸಿದ್ದರೆ ಅದನ್ನು ತಪ್ಪದೆ ತಿಳಿಸಿ, ಏಕೆಂದರೆ ಅಂಥವರಿಗೆ ಈ ಗುಳಿಗೆಗಳು ಉಸಿರಾಟವನ್ನು ಇನ್ನಷ್ಟು ಕೆಡಿಸುತ್ತವೆ.

ಪ್ರಶ್ನೆ: ಸಕ್ಕರೆ ಕಾರ್ಖಾನೆ ನೌಕರ, ಮುಧೋಳ ತಾಲ್ಲೂಕು, 34 ವರ್ಷ

ಸಾಹೇಬರೇ, ಕಬ್ಬು ನುರಿಸುವ ಹಂಗಾಮಿನಲ್ಲಿ ನಮಗೆ ವಾರಕ್ಕೊಂದು ಪಾಳಿ ಬದಲಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದರೆ ಹಗಲು ನಿದ್ದೆ ಬರುವುದಿಲ್ಲ. ಗೆಳೆಯನೊಬ್ಬ ಜೋಲ್ಪಿಡೆಮ್ 10 ಕೊಟ್ಟ. ವಾರಕ್ಕೆ ಎರಡು ದಿನ ಎರಡು ಪೆಗ್ ಹಾಕಿ ಅದನ್ನು ನುಂಗುತ್ತೇನೆ. ಹೋದ ವಾರ ನಾನು ಬೈಕಿನ ಕೀಲಿ ಹಿಡಿದು ಅಂಗಳದಲ್ಲಿ ನಿಂತಿದ್ದೆನಂತೆ. ನನಗೆ ಏನೂ ನೆನಪಿಲ್ಲ. ಹೆಂಡತಿ ಅಳುತ್ತಿದ್ದಾಳೆ.

ಉತ್ತರ: ಮನೋವೈದ್ಯ

ವಯಸ್ಸಿನಲ್ಲಿ ಚಿಕ್ಕವರು, ತಮ್ಮನೆಂದು ತಿಳಿದೇ ಗಟ್ಟಿಯಾಗಿ ಹೇಳುತ್ತಿದ್ದೇನೆ. ಆ ಗುಳಿಗೆ ಮತ್ತು ಮದ್ಯ ಒಟ್ಟಿಗೆ ಹೊಟ್ಟೆಗೆ ಹೋಗಕೂಡದು. ಎರಡೂ ಸೇರಿ ಉಸಿರಾಟವನ್ನೇ ನಿಲ್ಲಿಸಬಲ್ಲವು. ಜೋಲ್ಪಿಡೆಮ್ ನುಂಗಿ ಅರೆನಿದ್ದೆಯಲ್ಲೇ ನಡೆದವರು, ಅಡುಗೆ ಮಾಡಿದವರು, ವಾಹನ ಓಡಿಸಿದವರು ಇದ್ದಾರೆ; ಇದಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಅದರ ಮೇಲೆ ಮುದ್ರಿಸಲು ಹೇಳಿತು. ಒಮ್ಮೆ ಹೀಗಾದವರು ಆ ಔಷಧವನ್ನು ಮತ್ತೆ ಮುಟ್ಟಬಾರದು. ನೀವು ವಾರಕ್ಕೆರಡು ದಿನ ಎಂದದ್ದು ನಿಜವೇ ಆಗಿದ್ದರೆ ಇಂದೇ ನಿಲ್ಲಿಸಬಹುದು. ದಿನವೂ ಕುಡಿಯುತ್ತಿದ್ದರೆ, ದಿನವೂ ನುಂಗುತ್ತಿದ್ದರೆ, ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿ; ಆಗ ಥಟ್ಟನೆ ನಿಲ್ಲಿಸುವುದೂ ಅಪಾಯ. ಅಲ್ಲಿಯವರೆಗೆ ಬೈಕಿನ ಕೀಲಿ ಹೆಂಡತಿಯ ಹತ್ತಿರ ಇರಲಿ.

ಹಗಲು ನಿದ್ದೆಗೆ: ಬೆಳಕು ಕಣ್ಣಿಗೆ ಬಿದ್ದರೆ ಮಿದುಳು ಹಗಲೆಂದು ತಿಳಿಯುತ್ತದೆ. ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ, ಆದರೆ ತೂಕಡಿಕೆ ಇರುವ ದಿನ ಬೈಕ್ ಬೇಡ, ಬಸ್ಸಿಗೆ ಬನ್ನಿ. ಕಿಟಕಿಗೆ ದಪ್ಪ ಕಂಬಳಿ ಕಟ್ಟಿ, ಮನೆಯ ತಂಪಾದ ಕೋಣೆಯಲ್ಲಿ ಮಲಗಿ. ಪಾಳಿಯ ಮೊದಲರ್ಧದಲ್ಲಿ ಚಹಾ ಕುಡಿಯಿರಿ, ಕೊನೆಯ ಐದಾರು ಗಂಟೆ ಬೇಡ. ಪಾಳಿ ಬದಲಾಗುವುದಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂಬ ಕ್ರಮದಲ್ಲಿ ಬದಲಿಸಲು ಮೇಲಿನವರನ್ನು ಕೇಳಿ ನೋಡಿ. ದೇಹದ ಗಡಿಯಾರ ಮುಂದಕ್ಕೆ ಸರಿದಷ್ಟು ಸುಲಭವಾಗಿ ಹಿಂದಕ್ಕೆ ಸರಿಯುವುದಿಲ್ಲ.

ಔಷಧ ಅಂಗಡಿಯವರು, ಬೆಳಗಾವಿ

ಡಾಕ್ಟರೇ, ಹಳೆಯ ಚೀಟಿ ಹಿಡಿದು ಬಂದವರು ಕಣ್ಣೀರು ಹಾಕುತ್ತಾರೆ. ಕೊಟ್ಟರೆ ತಪ್ಪು, ಕೊಡದಿದ್ದರೆ ನೀವು ಹೇಳಿದ ಫಿಟ್ಸ್. ನಾವೇನು ಮಾಡಬೇಕು?

ಉತ್ತರ: ಮನೋವೈದ್ಯ

ನಿಮ್ಮ ಸಂಕಟ ನಿಜವಾದದ್ದು. ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವು ಎಚ್1 ಪಟ್ಟಿಯಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, 2014ರಿಂದ ವೈದ್ಯರ ಹಾಗೂ ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬುದು ನಿಮಗೇ ಗೊತ್ತು. ಹೀಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿ, ದಾರಿ ತೋರಿಸಿ ಕಳಿಸಿ. “ಇವತ್ತೇ ಆಸ್ಪತ್ರೆಗೆ ಹೋಗಿ, ಗುಳಿಗೆ ಮುಗಿದಿದೆ ಎನ್ನಿ” ಎಂದು ಹೇಳಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮೂರಿನ ದಿನವನ್ನು ವಿಚಾರಿಸಿಟ್ಟುಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಸಂಖ್ಯೆಯನ್ನು ಅಂಗಡಿಯ ಗಲ್ಲಾದ ಮೇಲೆ ಬರೆದು ಅಂಟಿಸಿದರೆ ದೊಡ್ಡ ಉಪಕಾರ.

ಪ್ರಶ್ನೆ: ಗೃಹಿಣಿ, ಇಳಕಲ್

ನಮ್ಮ ಅತ್ತೆಯವರಿಗೆ 72. ಹಾಲಿನಲ್ಲಿ ಜಾಯಿಕಾಯಿ ತೇಯ್ದು ಕೊಡಬಹುದೇ? ಜಾತ್ರೆಯಲ್ಲಿ ನಿದ್ದೆಯ ಪುಡಿ ಎಂದೂ ಮಾರುತ್ತಿದ್ದರು.

ಉತ್ತರ: ಮನೋವೈದ್ಯ

ತಂಗೀ, ಬಿಸಿ ಹಾಲು ಕೊಡಿ, ಚಿಟಿಕೆಯಷ್ಟು ಜಾಯಿಕಾಯಿ ಇದ್ದರೂ ತೊಂದರೆಯಿಲ್ಲ. ಚಮಚದ ಲೆಕ್ಕದಲ್ಲಿ ಹಾಕಿದರೆ ಅದು ವಿಷ, ಎದೆಬಡಿತ ಮತ್ತು ಭ್ರಮೆ ತರುತ್ತದೆ. ಹೆಸರಿಲ್ಲದ ಪುಡಿ ಬೇಡವೇ ಬೇಡ. ಅದರೊಳಗೆ ಏನು ಬೆರೆಸಿದ್ದಾರೆಂದು ಮಾರುವವನಿಗಲ್ಲದೆ ಯಾರಿಗೂ ತಿಳಿಯದು. ಅವರು ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾರೆ ಎಂಬುದನ್ನು ನೋಡಿ. ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆಯಲ್ಲೇ ಅಷ್ಟು ಕಡಿಮೆಯಾಗುತ್ತದೆ.

ಜಮಖಂಡಿಯ ಶಿಕ್ಷಕಿ, ಏಳು ವಾರಗಳ ನಂತರ

ಸಾಹೇಬರೇ, ಹಾಜರಿ ಪುಸ್ತಕದಂತೆ ನಿದ್ದೆಯ ಲೆಕ್ಕ ಬರೆಯುತ್ತಿದ್ದೇನೆ. ನಾಲ್ಕರಿಂದ ಮೂರೂವರೆಗೆ ಇಳಿದಾಗ ಐದು ರಾತ್ರಿ ಕಷ್ಟವಾಯಿತು. ಈಗ ಮೂರು ಗುಳಿಗೆಯಲ್ಲಿ ನಿಂತಿದ್ದೇನೆ. ಹಾಸಿಗೆಯಲ್ಲಿ ಐದೂವರೆ ಗಂಟೆ, ಅದರಲ್ಲಿ ಹೋದ ವಾರ ಸರಾಸರಿ 4 ಗಂಟೆ 50 ನಿಮಿಷ ನಿದ್ದೆ. ರಾತ್ರಿ ಎಚ್ಚರವಾದರೆ ಪಡಸಾಲೆಯಲ್ಲಿ ಕುಳಿತು ದೇವರ ದೀಪಕ್ಕೆ ಹೂಬತ್ತಿ ಮಾಡುತ್ತೇನೆ. ಒಂದು ಡಬ್ಬಿ ತುಂಬಿದೆ. ಮಗನ ಮುಂದೆ ಆ ರಾತ್ರಿಯ ಮಾತನ್ನು ಆಡಿದೆ. ಅವನೂ ಆರು ವರ್ಷ ಅದನ್ನೇ ಹೊತ್ತುಕೊಂಡಿದ್ದನಂತೆ. ಇಬ್ಬರೂ ಅತ್ತೆವು.

ಮುಂದಿನ ತಿಂಗಳು ಮಗಳು ಬಾಣಂತನಕ್ಕೆ ಬರುತ್ತಾಳೆ. ಕೂಸು ರಾತ್ರಿಯೆಲ್ಲ ಎಬ್ಬಿಸುತ್ತದೆ. ಅಷ್ಟರೊಳಗೆ ಬೇಗ ಬೇಗ ಇಳಿಸಿ ಮುಗಿಸಲೇ?

ಉತ್ತರ: ಮನೋವೈದ್ಯ

ಬೇಡ, ಅಕ್ಕಾವರೇ. ಬಾಣಂತನದ ಮೊದಲ ತಿಂಗಳುಗಳಲ್ಲಿ ಮೂರರಲ್ಲೇ ನಿಂತಿರಿ. ಇಳಿಯುವುದನ್ನು ನಿಲ್ಲಿಸಿದರೆ ನಷ್ಟವಿಲ್ಲ. ಮೇಲೆ ಹತ್ತದಿದ್ದರೆ ಸಾಕು. ನಿಮ್ಮ ಲೆಕ್ಕ ಶೇಕಡಾ 87ರ ಮೇಲಿದೆ, ಆದ್ದರಿಂದ ಇಂದಿನಿಂದ ಹನ್ನೊಂದೂಕಾಲಿಗೆ ಮಲಗಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಗುಳಿಗೆ ಪೂರ್ತಿ ಬಿಡುವವರೆಗೂ ಕೂಸನ್ನು ನಿಮ್ಮ ಹಾಸಿಗೆಯಲ್ಲಿ ಪಕ್ಕಕ್ಕೆ ಹಾಕಿಕೊಂಡು ಮಲಗಬೇಡಿ. ಮಂಪರಿನಲ್ಲಿ ಕೈಯೋ ಚಾದರವೋ ಕೂಸಿನ ಮುಖದ ಮೇಲೆ ಬಿದ್ದರೆ ನಿಮಗೆ ತಿಳಿಯುವುದಿಲ್ಲ. ಕೂಸಿಗೆ ಬೇರೆ ತೊಟ್ಟಿಲಿರಲಿ. ರಾತ್ರಿ ಹನ್ನೊಂದರವರೆಗೆ ಮತ್ತು ಬೆಳಿಗ್ಗೆ ಐದರ ನಂತರದ ಪಾಳಿ ನಿಮ್ಮದು, ನಡುವಿನದು ಮಗಳು ಮತ್ತು ಮಗ ಹಂಚಿಕೊಳ್ಳಲಿ. ಗುಳಿಗೆಯ ಡಬ್ಬಿ ಬೀಗದೊಳಗಿರಲಿ. ಬೆಳಗಿನ ಎಣ್ಣೆ-ನೀರು ಮಾತ್ರ ನೀವೇ ಮಾಡಿಸಿ, ಆ ಹೊತ್ತಿಗೆ ಕಾಲು ಚಾಚಿ ಕೂಸನ್ನು ಹಾಕಿಕೊಳ್ಳುವಷ್ಟು ಎಚ್ಚರ ನಿಮಗಿದೆಯೇ ಎಂದು ದಿನವೂ ಮೊದಲು ನೋಡಿಕೊಂಡು.