ಅಪ್‌ಡೇಟ್: 70,000 ರೂಪಾಯಿಯೊಳಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆವು

ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಮ್ಮನಿಗೆ 70,000 ರೂಪಾಯಿಯೊಳಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಬೇಕಿದೆ, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ (ಆಟದ ಚಿತ್ರಗಳನ್ನು ಪರದೆಗೆ ಮೂಡಿಸುವ ಚಿಪ್ಪು) ಸಾಕೇ ಅಥವಾ 4050ಕ್ಕೆ ಹೋಗಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಯೊಂದರಲ್ಲಿ, ಪ್ರೊಸೆಸರ್ ಹಿಂದಿನ ತಲೆಮಾರಿನದಾದರೂ ಸರಿ ಎಂದು ಒಪ್ಪಿಕೊಂಡು, 4050 ಇರುವ ಮಾದರಿಯನ್ನೇ ಕೊಂಡೆವು.

ಆಯ್ಕೆಯನ್ನು ನಿರ್ಧರಿಸಿದ್ದು ಚಿಪ್ಪಿಗೆ ಸಿಗುವ ವಿದ್ಯುತ್ತಿನ ವ್ಯಾಟ್ ಕುರಿತು ಬಂದ ಸಲಹೆ. ಲ್ಯಾಪ್‌ಟಾಪಿನ 4050 ಚಿಪ್ಪಿಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ತಮಗೆ ಬೇಕಾದಷ್ಟು ವಿದ್ಯುತ್ ನಿಗದಿಪಡಿಸಬಹುದಾದ್ದರಿಂದ, ಡಬ್ಬಿಯ ಮೇಲೆ ಅದೇ ಹೆಸರಿರುವ ಎರಡು ಯಂತ್ರಗಳು ಆಟದಲ್ಲಿ ಒಂದೇ ವೇಗ ತೋರಬೇಕೆಂದಿಲ್ಲ. ಅಂಗಡಿಯವರಿಗೆ ಈ ಅಂಕಿ ಗೊತ್ತಿರಲಿಲ್ಲ (ಗೊತ್ತಿರಬೇಕೆಂಬ ನಿರೀಕ್ಷೆಯೂ ನನಗಿರಲಿಲ್ಲ). ತಯಾರಕರ ಜಾಲತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ನೋಡಿದಾಗ, ತೆಳ್ಳಗಿನ ಚೆಂದದ ಯಂತ್ರಕ್ಕಿಂತ ದಪ್ಪನೆಯದಕ್ಕೇ ಹೆಚ್ಚು ವ್ಯಾಟ್ ಇತ್ತು. 3050 ಕೊಳ್ಳುವವರು ಅದರಲ್ಲಿ 4 ಜಿಬಿ ಮತ್ತು 6 ಜಿಬಿ ಗ್ರಾಫಿಕ್ಸ್ ಮೆಮೊರಿಯ ಎರಡು ಬಗೆಗಳಿರುವುದನ್ನು ಗಮನಿಸಬೇಕು.

ರ‍್ಯಾಮ್ 8 ಜಿಬಿಯ ಒಂದೇ ಸ್ಟಿಕ್ ಇತ್ತು. ಇನ್ನೊಂದು ಸ್ಲಾಟ್ ಖಾಲಿ ಇರುವುದನ್ನು ಮೊದಲೇ ಖಚಿತಪಡಿಸಿಕೊಂಡು ಅಂಥದ್ದೇ ಮತ್ತೊಂದನ್ನು ಸೇರಿಸಿದ ಮೇಲೆ ಅದು ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್ ಆಗಿ, ಆಟ ನಡುನಡುವೆ ತಡವರಿಸುತ್ತಿದ್ದುದು ಬಹುಮಟ್ಟಿಗೆ ನಿಂತಿತು. ಪರದೆ, ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ 144 ಹರ್ಟ್ಸ್‌ನದಾದರೂ ಬಣ್ಣ ಪೇಲವ. ಈ ಬೆಲೆಗೆ ಅದನ್ನು ಸಹಿಸಬಹುದು. ಕರೆಂಟ್ ಹೋದಾಗ ಬ್ಯಾಟರಿಯ ಮೇಲೆ ಆಡಿದರೆ ಚಿಪ್ಪು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ; ಆ ಹೊತ್ತಿನಲ್ಲಾದರೂ ಅವನು ಪುಸ್ತಕ ತೆರೆಯಲಿ ಎಂಬುದು ಅಪ್ಪನ ಅಭಿಪ್ರಾಯ.