ಪುಣೆ ಬಳಗ: ಕ್ಲಚ್ ಎಣ್ಣಿ ಫಾರ್ವರ್ಡ್

ಪ್ರಕಾಶ ಮಾಮಾ: [ಫಾರ್ವರ್ಡ್] "ಹೈಡ್ರಾಲಿಕ್ ಕ್ಲಚ್ ಲಿವರ್ ಸಡಿಲಾದರೆ ಯಾವುದೇ ಬ್ರೇಕ್ ಆಯಿಲ್ ಅಂಚಿನವರೆಗೆ ತುಂಬಿ, ಪಂಪ್ ಮಾಡಿ. ಮೆಕ್ಯಾನಿಕ್ ಬೇಕಿಲ್ಲ."

ವಿನಯ: ಮಾಮಾ, ಇದನ್ನ ಯಾರೂ ಮಾಡಬ್ಯಾಡ್ರಿ. ಮೊದಲ ಹ್ಯಾಂಡಲ್ ಮ್ಯಾಲಿನ ಕ್ಲಚ್ ಎಣ್ಣಿ ಡಬ್ಬಿ ಮುಚ್ಚಳದ ಮ್ಯಾಲೆ ಏನ್ ಬರದದ ನೋಡ್ರಿ. ಭಾಳ ಬೈಕಿಗೆ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ), ಕೆಲವಕ್ಕ ಮಿನರಲ್ ಆಯಿಲ್. ಒಂದರಾಗ ಇನ್ನೊಂದು ಹಾಕಿದ್ರ ಒಳಗಿನ ರಬ್ಬರ್ ಸೀಲ್ ಉಬ್ಬಿ ಹಾಳಾಗ್ತಾವ.

ಪ್ರಕಾಶ ಮಾಮಾ: ಅದೇ ಎಣ್ಣಿ ಹಾಕಿದ್ರ? ಕಮ್ಮಿ ಆಗಿದ್ದನ್ನ ತುಂಬೂದು ತಪ್ಪೇನು?

ವಿನಯ: ಕಮ್ಮಿ ಆಗೇದ ಅಂದ್ರ ಎಲ್ಲೋ ಸೋರಾಕತ್ತದ. ಪ್ಲೇಟ್ ಸವದಂಗ ಕ್ಲಚ್ ಡಬ್ಬಿಯಾಗ ಮಟ್ಟ ಏರ್ತದ, ಬ್ರೇಕಿನಂಗ ಇಳಿಯಂಗಿಲ್ಲ. ಅಂಚಿನ ತನಕಾ ತುಂಬಿದ್ರ ಬಿಸಿಯಾದ ಎಣ್ಣಿಗೆ ಹಿಗ್ಗಾಕ ಜಾಗ ಇಲ್ಲ. ತಾಮ್ಹಿಣಿ ಘಾಟ್ ಏರೂವಾಗ ಲಿವರ್ ಬಿಟ್ಟರೂ ಕ್ಲಚ್ ಅರ್ಧ ಒತ್ತಿದಂಗೇ ಇದ್ದು ಪ್ಲೇಟ್ ಸುಡ್ತಾವ.

ಸುಧಾ ವೈನಿ: ಸೋರಿಕಿ ಹೊರಗ ಕಾಣಂಗಿಲ್ಲ ಭಾಳ ಸಲ. ಎಣ್ಣಿ ಒತ್ತಡದಿಂದ ಕ್ಲಚ್ ದಬ್ಬೂ ಸ್ಲೇವ್ ಸಿಲಿಂಡರ್ ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲಿನ ಚಕ್ರ) ಹತ್ರ ಇದ್ರ ಆ ಕವರ್ ಬಿಚ್ಚಬೇಕು. ಚೈನಿನ ಕರಿ ಗ್ರೀಸ್ ನಡುವ ಹಸಿ ಗುರುತು ಸಿಗ್ತದ. ಅಲ್ಲೆ ಸೀಲ್ ಹೋಗಿದ್ರ ಎಷ್ಟ್ ತುಂಬಿದ್ರೂ ನಿಲ್ಲಂಗಿಲ್ಲ.

ಪ್ರಕಾಶ ಮಾಮಾ: ಗಾಳಿ ತಗಿಯಾಕರ ಪಂಪ್ ಮಾಡಬೇಕಲ್ಲ?

ವಿನಯ: ಗಾಳಿ ಮ್ಯಾಲೆ ಏರೂವಂಥಾದ್ದು, ಕೆಳಗಿಂದ ದಬ್ಬೂದ ಛಲೋ. ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ (ಲಿವರ್ ಹತ್ರ ಎಣ್ಣಿ ದಬ್ಬೂದು) ಎಲ್ಲಕ್ಕಿಂತ ಎತ್ತರಕ್ಕ ತರ್ರಿ, ಟ್ಯಾಂಕಿನ ಮ್ಯಾಲೆ ಅರಬಿ ಹಾಸ್ರಿ, ಡಾಟ್ 4 ಪೇಂಟ್ ತಿಂತದ. ಡಬ್ಬಿಯ ಹಳೇ ಎಣ್ಣಿ ಹೀರಿ ತಗೀರಿ. ಹೊಸ ಎಣ್ಣಿ ತುಂಬಿದ ಸಿರಿಂಜಿಗೆ ಪಾರದರ್ಶಕ ಪೈಪ್ ಹಾಕಿ, ಪೈಪಿನ ಗಾಳಿ ಪೂರ್ತಿ ಹೊರಗ ಬಿಟ್ಟು ಸ್ಲೇವ್ ಸಿಲಿಂಡರಿನ ಗಾಳಿ ತಗಿಯೂ ನಿಪ್ಪಲಿಗೆ ಜೋಡಿಸ್ರಿ. ಪಾನಾದಿಂದ ಕಾಲು ಸುತ್ತು ಸಡಿಲ ಮಾಡಿ ಸಿರಿಂಜ್ ಹಗೂರಕ ಒತ್ತಿದ್ರ ಡಬ್ಬಿಯಾಗ ಗುಳ್ಳಿ ಏಳ್ತಾವ. ಅವು ನಿಂತ ಮ್ಯಾಲೆ ನಿಪ್ಪಲ್ ಬಿಗಿ ಮಾಡಿ, ಆಮ್ಯಾಲೆ ಪೈಪ್ ತಗೀರಿ.

ಸುಧಾ ವೈನಿ: ತಣ್ಣಗಿದ್ದಾಗ ಸರಿ, ಬಿಸಿಯಾದ ಮ್ಯಾಲೆ ಕ್ಲಚ್ ಸ್ಲಿಪ್ ಆದ್ರ (ಎಂಜಿನ್ ತಿರುಗಿದ್ರೂ ಗಾಡಿ ಎಳೀಲಿಲ್ಲಂದ್ರ)? ನಿಪ್ಪಲ್ ಸ್ವಲ್ಪ ಸಡಿಲ ಮಾಡಿ ನೋಡ್ರಿ. ಎಣ್ಣಿ ಚಿಮ್ಮಿ ಕ್ಲಚ್ ಮತ್ತ ಹಿಡದ್ರ ಒತ್ತಡ ಒಳಗ ಸಿಕ್ಕೊಂಡದ. ಡಬ್ಬಿ ತಳದಾಗಿನ ಸಣ್ಣ ತೂತು ಕಟ್ಟಿರ್ತದ. ಬ್ರಷಿನ ಒಂದು ನೈಲಾನ್ ಎಳಿ ಸಾಕು, ಸೂಜಿ ಹಾಕಿ ಹಿಗ್ಗಿಸಬ್ಯಾಡ್ರಿ. ಹಿಡೀಲಿಲ್ಲಂದ್ರ ಪ್ಲೇಟ್, ಸ್ಪ್ರಿಂಗ್ ನೋಡ್ರಿ.

ಪ್ರಕಾಶ ಮಾಮಾ: ಹೋದ ಮಳಿಗಾಲದಾಗ ಸೀಲ್ ಒಡದ ಎಣ್ಣಿ ಬಾಟ್ಲಿ ಅದ, ಅದ ನಡೀತದಲ್ಲ?

ವಿನಯ: ಬ್ಯಾಡ್ರಿ. ಡಾಟ್ 4 ಹವಾದಾಗಿನ ತೇವ ಹೀರ್ತದ. ಹೊಸಾದಕ್ಕ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು, ತೇವ ಹೀರಿದ ಮ್ಯಾಲೆ ಅದರ ಮಾನದಂಡನ 155ಕ್ಕ ಇಳೀತದ. ಸೀಲ್ ಇರೋ ಸಣ್ಣ ಬಾಟ್ಲಿ ತರ್ರಿ. ಎಣ್ಣಿ ಪೈಪ್ ಜೋಡಿಸೂ ಬ್ಯಾಂಜೋ ಬೋಲ್ಟ್ ಬಿಚ್ಚೂದಿದ್ರ ಎರಡು ಹೊಸ ತಾಮ್ರದ ವಾಷರ್ ಸುದ್ದಾ ತರ್ರಿ.