2014ರ ಡೆಸ್ಕ್‌ಟಾಪ್: ಬೋರ್ಡ್ ಬದಲಿಸಬೇಕೋ, ಬ್ಯಾಡೋ?

ವಿಜಯಪುರದಿಂದ ಪ್ರಶ್ನೆ: ನಮ್ಮದು ಗಾಂಧಿ ಚೌಕದ ಹತ್ರ ಸಣ್ಣ ಡಿಟಿಪಿ ಅಂಗಡಿ ಅದ. ಕಂಪ್ಯೂಟರ್ 2014ರದು: ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನುಡಿ, ಫೋಟೋಶಾಪ್, ಆನ್‌ಲೈನ್ ಅರ್ಜಿ, ಇಷ್ಟ ಕೆಲಸ. ಗಿರಾಕಿ ಎದುರಿಗೆ ನಿಂತಾಗನ ಫೋಟೋಶಾಪ್ ತೆರೀಲಿಕ್ಕೆ ಸತಾಯಿಸ್ತದ. ಪ್ರೊಸೆಸರ್ ಅಷ್ಟ ಬದಲಿಸಿದ್ರ ನಡೀತದೇನ್ರಿ?

ಬಾಗಲಕೋಟೆ, ನವನಗರ: ಅಣ್ಣಾರ, ಪ್ರೊಸೆಸರ್ ಮಾತು ಆಮ್ಯಾಲ. ನಿಮ್ಮ ಮಷೀನ್ ತಡಾ ಮಾಡಾಕತ್ತಿದ್ದು ಆ ಹಾರ್ಡ್ ಡಿಸ್ಕ್. 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಚಿಪ್ಪಿನ್ಯಾಗ ಫೈಲ್ ಇಡೂ ವೇಗದ ಡಿಸ್ಕ್) ಹಾಕ್ರಿ. ಎಚ್81ದಾಗ ಡಿಸ್ಕ್ ಚುಚ್ಚೂ ಸಾಟಾ ಪೋರ್ಟ್ ನಾಲ್ಕು ಇದ್ರೂ ಎರಡಷ್ಟ 6 ಜಿಬಿಪಿಎಸ್ ವೇಗದವು, ಅದ್ರಾಗ ಚುಚ್ಚಿಸ್ರಿ. ರ‍್ಯಾಮ್ 8 ಮಾಡ್ರಿ, ಆದ್ರ ಡಿಡಿಆರ್3 ಅಂತ ಹೇಳೇ ತಗೋರಿ. ಡಿಡಿಆರ್4 ಆ ಸ್ಲಾಟಿನ್ಯಾಗ ಕೂಡಂಗಿಲ್ಲ. ನಮ್ಮ ಅಂಗಡ್ಯಾಗಿನ ಹಳೇದಕ್ಕ ಇಷ್ಟ ಮಾಡಿಸೀವಿ, ಈಗೂ ಬಿಲ್ಲಿಂಗಿಗೆ ಅದ ಐತಿ.

ಜಮಖಂಡಿ: ಸೆಕೆಂಡ್ ಹ್ಯಾಂಡ್ ಐ5-4570 ಪ್ರೊಸೆಸರ್ ಸಿಕ್ರ ಅದೂ ನಡೀತೈತ್ರಿ. ಪ್ರೊಸೆಸರ್ ಕೂಡೂ ಸಾಕೆಟ್ ಎರಡಕ್ಕೂ ಅದ 1150, ಎರಡು ಕೋರ್ ಇದ್ದದ್ದು ನಾಲ್ಕಾಗತಾವ. ಆದ್ರ 54 ವ್ಯಾಟಿನ ಜಾಗಾಕ್ಕ 84 ವ್ಯಾಟ್ ಬಂದು ಕುಂಡ್ರತೈತಿ, ಬಿಸಿ ಜಾಸ್ತಿ. ನಮ್ಮ ಕಡಿ ಬ್ಯಾಸಗಿ ಗೊತ್ತಲ್ರಿ. ಫ್ಯಾನಿನ ಧೂಳ ಹೊಡದು, ಪ್ರೊಸೆಸರ್ ಬಿಸಿ ಹೊರಗ ದಾಟಿಸೂ ಥರ್ಮಲ್ ಪೇಸ್ಟ್ ಹೊಸಾದು ಹಚ್ಚಿಸೇ ಕೂಡಿಸ್ರಿ.

ಬೆಳಗಾವಿ, ಟಿಳಕವಾಡಿ: ಐ5ಕ್ಕ ರೊಕ್ಕಾ ಹಾಕೂದು ನನಗ ಒಪ್ಪಿಗಿ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದೈತಿ. ವಿಂಡೋಸ್ 11ಕ್ಕ ಇಂಟೆಲ್ ಪ್ರೊಸೆಸರ್ ಆದ್ರ 8ನೇ ಜನರೇಶನ್ ಇಲ್ಲಾ ಅದರ ಮ್ಯಾಲಿಂದು ಬೇಕು, ಈ ಐ3, ಐ5 ಎರಡೂ 4ನೇದು. ಮಂದಿ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಮಾಡೂ ಮಷೀನ್ ಇದು, ಅಪ್‌ಡೇಟ್ ಇಲ್ಲದ ಭಾಳ ದಿನ ಓಡಿಸಬ್ಯಾಡ್ರಿ. ಎಸ್‌ಎಸ್‌ಡಿ ಈಗ ಹಾಕ್ರಿ, ಮುಂದ ಅದನ್ನ ಹೊಸಾ ಬೋರ್ಡಿಗೂ ಹಚ್ಚಬಹುದು. ಬದಲಿಸೂ ಹೊತ್ತಿಗೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಕೂಡೇ ಬದಲಾಗಬೇಕು. ಐ3-12100, ಎಚ್610 ಬೋರ್ಡ್, ಡಿಡಿಆರ್4 ನಿಮಗ ಧಾರಾಳ. ಸ್ವಸ್ತಾ ಅಂತ ಹೆಸರಿನ ಕಡೀಕ ‘ಎಫ್’ ಇದ್ದ ಪ್ರೊಸೆಸರ್ ಕೊಟ್ರ ಒಲ್ಲೆ ಅನ್ರಿ. ಅದ್ರಾಗ ಗ್ರಾಫಿಕ್ಸ್ ಇರಂಗಿಲ್ಲ, ಬ್ಯಾರೆ ಕಾರ್ಡ್ ಇಲ್ಲದ ಡಿಸ್‌ಪ್ಲೇನ ಬರಂಗಿಲ್ಲ. ಕ್ಯಾಬಿನೆಟ್ ಜೊತಿಗೆ ಬಂದ ಹಳೇ ಎಸ್‌ಎಂಪಿಎಸ್ (ಒಳಗ ಕರೆಂಟ್ ಕೊಡೂ ಡಬ್ಬಿ) ಸುದ್ದಾ ಬದಲಿಸ್ರಿ. ಇಲ್ಲೊಬ್ಬಾಂವ ಅಂಗಡಿಯಾಂವ ಬಳಸಿದ ಬೋರ್ಡ್ ಒರಸಿ ಹೊಸಾದಂತ ನನಗ ಕೊಟ್ಟಿದ್ದ. ಬಿಲ್ಲಿನ್ಯಾಗ ಸೀರಿಯಲ್ ನಂಬರ್ ಬರಸ್ಕೋರಿ.

ಬಾಗಲಕೋಟೆ, ನವನಗರ: ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಾಕ ಬಿಡಬ್ಯಾಡ್ರಿ ಮತ್ತ, ಲಗ್ನಪತ್ರಿಕಿ ಫೈಲೆಲ್ಲಾ ಅದ್ರಾಗ ಇರ್ತಾವ.

ವಿಜಯಪುರ: ಉಪಕಾರ ಆತ್ರಿ ಎಲ್ಲಾರದೂ. ಈ ವಾರ ಎಸ್‌ಎಸ್‌ಡಿ, 8 ಜಿಬಿ. ದೀಪಾವಳಿ ಸುಮಾರಿಗೆ ಬೋರ್ಡ್. ನಮ್ಮ ಮಾನಿಟರಿಗೆ ವಿಜಿಎ (ಹಳೇ ನಮೂನಿ ಡಿಸ್‌ಪ್ಲೇ ಪೋರ್ಟ್) ಒಂದೇ ಅದ, ಆ ಪೋರ್ಟ್ ಇದ್ದ ಎಚ್610 ಬೋರ್ಡ್ ಯಾವುದರೆ ಬಳಸೀರೇನ್ರಿ?